ಡಾಕ್ಟರು ನನ್ನನ್ನೇ ಕೇಳಿದ ದಿನ

ಕಾಪು ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಬಿಳಿ ಫ್ರಾಕೊಂದನ್ನು ಹೊಲಿಯುತ್ತಿದ್ದೆ. ನೆಲಕ್ಕೆ ಇಳಿದಿದ್ದ ಅಂಚಿನಲ್ಲಿ ಕೆಂಪು ಕಂಡಿತು. ಬಟ್ಟೆ ಹಾಳಾಯಿತಲ್ಲ ಎಂದೇ ಮೊದಲು ಅನಿಸಿದ್ದು. ಎಡಗಾಲು ಎತ್ತಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಗುಂಡುಪಿನ್ನು ತಲೆಯವರೆಗೂ ಹೊಕ್ಕಿತ್ತು. ಸುತ್ತಲಿನ ಚರ್ಮ ಬಿಳಿಚಿಕೊಂಡು ಮೆತ್ತಗಾಗಿತ್ತು. ಯಾವಾಗ ಚುಚ್ಚಿತ್ತೋ. ಕಿತ್ತೆ, ನೋಯಲಿಲ್ಲ. ಕಲೆಯನ್ನು ತಣ್ಣೀರಿನಲ್ಲಿ ತೊಳೆದು ಹೊಲಿಗೆ ಮುಂದುವರಿಸಿದೆ.

ವಾರ ಕಳೆದ ಮೇಲೆ, ನಾನು ನಡೆದಲ್ಲೆಲ್ಲ ನೆಲದ ಮೇಲೆ ಒದ್ದೆ ಗುರುತು ಬೀಳುವುದನ್ನು ಗಂಡ ಕಂಡರು. ಅವರು ಉಡುಪಿ ಬಸ್ಸಿನಲ್ಲಿ ಕಂಡಕ್ಟರ್. ರಜೆ ಹಾಕಿ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರು ನನ್ನ ಮಗಳ ವಯಸ್ಸಿನ ಹೆಂಗಸು. ಕಣ್ಣು ಮುಚ್ಚಲು ಹೇಳಿದರು. ನೈಲಾನ್ ಎಳೆಯಿಂದ ಪಾದ ಮುಟ್ಟುತ್ತೇನೆ, ಗೊತ್ತಾದಾಗ ಹೇಳಿ ಎಂದರು. ನಾನು ಕಾದೆ. ತುಂಬ ಹೊತ್ತಾದ ಮೇಲೆ, "ಶುರು ಮಾಡಿ ಡಾಕ್ಟ್ರೇ," ಎಂದೆ.

"ಮುಗೀತು ಅಮ್ಮ. ಎರಡೂ ಪಾದ ಮುಟ್ಟಿ ನೋಡಿದೆ."

ಗಂಡ ನನ್ನ ಮುಖ ನೋಡಿದರು. ನನಗೆ ಏನೂ ಅನಿಸಲಿಲ್ಲ.

ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಸಕ್ಕರೆ ಇಳಿಯದೆ ಗಾಯ ಮಾಗುವುದು ಕಷ್ಟ ಎಂದರು ಡಾಕ್ಟರು. ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಹೇಳಿದರು: "ಎರಡು ದಾರಿ ಉಂಟು. ಒಂದು, ದಿನಕ್ಕೊಮ್ಮೆ ಇನ್ಸುಲಿನ್. ಬೇಗ ಹಿಡಿತಕ್ಕೆ ಬರ್ತದೆ, ಆದ್ರೆ ದಿನಾ ಚುಚ್ಚಿಕೊಳ್ಬೇಕು, ಸಕ್ಕರೆ ನೋಡ್ತಾ ಇರ್ಬೇಕು. ಇನ್ನೊಂದು, ಮಾತ್ರೆ ಬದಲಿಸಿ ನೋಡುವುದು. ಅದು ನಿಧಾನ, ಸಾಕಾಗದೆಯೂ ಇರಬಹುದು. ನಿಮಗೆ ಎಂತ ಅನ್ನಿಸ್ತದೆ?"

"ಇನ್ಸುಲಿನ್ ಬೇಡ," ಎಂದರು ಗಂಡ. "ಒಮ್ಮೆ ಶುರು ಮಾಡಿದ್ರೆ ಮತ್ತೆ ಬಿಡ್ಲಿಕ್ಕಾಗುದಿಲ್ಲ ಅಲ್ವಾ?"

"ಕೆಲವರಿಗೆ ಬಿಡ್ಲಿಕ್ಕೂ ಆಗ್ತದೆ. ಮೊದಲು ಅವರು ಹೇಳ್ಲಿ," ಎಂದರು ಡಾಕ್ಟರು.

ಅಮ್ಮ ನೆನಪಾದಳು. ಅಜೆಕಾರಿನಲ್ಲಿ ಗದ್ದೆ ಕೆಲಸ ಮಾಡುತ್ತಿದ್ದವಳು. ಇದೇ ಕಾಯಿಲೆಯಿಂದ ಅವಳ ಕಾಲು ಕೊಳೆತಿತ್ತು. ಮೊಣಕಾಲಿನ ಕೆಳಗೆ ತೆಗೆಯಬೇಕೆಂದಾಗ ಕಾಗದಕ್ಕೆ ಸಹಿ ಹಾಕಿದ್ದು ನಾನು. ಅವಳಿಗೆ ಎಚ್ಚರವಿತ್ತು. ಹೆದರುತ್ತಾಳೆ ಎಂದು ನಾವು ಯಾರೂ ಹೇಳಲಿಲ್ಲ. ಗಾಯ ತೊಳೆಯುತ್ತಾರೆ ಎಂದಷ್ಟೇ ಹೇಳಿ ಒಳಗೆ ಕಳುಹಿಸಿದೆವು. ತೆಗೆಯದಿದ್ದರೆ ಅವಳು ಉಳಿಯುತ್ತಿರಲಿಲ್ಲ ಎನ್ನುವುದು ನಿಜ. ಆಮೇಲೆ ಎರಡು ವರ್ಷ ಬದುಕಿದ್ದಳು. ಒಂದೇ ಸಲ, ನಾನು ತಲೆ ಬಾಚುತ್ತಿದ್ದಾಗ, "ನನ್ನ ಹತ್ರ ಒಂದು ಮಾತು ಕೇಳಬಹುದಿತ್ತು," ಎಂದಳು. ನಾನು ಬಾಚುತ್ತಲೇ ಇದ್ದೆ.

"ನೀವೇ ಹೇಳಿ ಡಾಕ್ಟ್ರೇ," ಎಂದೆ ಕೊನೆಗೆ.

"ಹೇಳ್ತೇನೆ. ಆದ್ರೆ ನಿಮ್ಮ ದಿನ ಹೇಗೆ ಹೋಗ್ತದೆ ಅಂತ ನನಗೆ ಗೊತ್ತಿಲ್ಲ. ಅದನ್ನು ನೀವು ಹೇಳ್ಬೇಕು."

ಆಗ ಹೇಳಿದೆ, ಬೇರೆಯವರ ವಿಷಯ ಹೇಳುವ ಹಾಗೆ. ಮದುವೆ ಸೀಸನ್ನಿನಲ್ಲಿ ಮಧ್ಯಾಹ್ನದ ಊಟ ಮೂರು ನಾಲ್ಕು ಗಂಟೆಗೆ. ಹಿಂದಿನ ವರ್ಷ ಕತ್ತರಿ ಕೈಯಲ್ಲಿರುವಾಗಲೇ ಬೆವರಿ, ಕಣ್ಣು ಕತ್ತಲೆ ಬಂದು ಬಿದ್ದಿದ್ದೆ. ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಅಂದಿನಿಂದ ಬೆಳಗಿನ ಮಾತ್ರೆಯಲ್ಲಿ ಅರ್ಧ ಮುರಿದು ಎಸೆಯುತ್ತಿದ್ದೆ.

ಗಂಡನಿಗೆ ಇದ್ಯಾವುದೂ ಗೊತ್ತಿರಲಿಲ್ಲ. "ನನಗೆ ಹೇಳ್ಲಿಲ್ಲ ನೀನು," ಎಂದರು ಮೆಲ್ಲನೆ.

ಡಾಕ್ಟರು ಬೈಯಲಿಲ್ಲ. "ಒಳ್ಳೇದಾಯ್ತು ಹೇಳಿದ್ದು. ಇಲ್ಲದಿದ್ರೆ ನಾನು ಅದೇ ಮಾತ್ರೆ ಜಾಸ್ತಿ ಮಾಡ್ತಿದ್ದೆ," ಎಂದರು. ಸಕ್ಕರೆ ತೀರಾ ಇಳಿಸುವ ಆ ಮಾತ್ರೆಯನ್ನು ನಿಲ್ಲಿಸಿ, ಇನ್ಸುಲಿನನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಬಹುದು, ತಾನಾದರೆ ಅದನ್ನೇ ಆರಿಸುತ್ತೇನೆ ಎಂದರು. ಗಾಯ ಮಾಗುವವರೆಗೆ ಎಡಗಾಲಿಗೆ ಭಾರ ಬೀಳಬಾರದು, ಪೆಡಲು ತುಳಿಯಬಾರದು.

"ಇನ್ಸುಲಿನ್ ಆಗಬಹುದು," ಎಂದೆ. "ಹೊಲಿಗೆ ಪೂರ್ತಿ ನಿಲ್ಲಿಸಲಿಕ್ಕೆ ನನ್ನಿಂದ ಆಗುದಿಲ್ಲ. ಮನೆಯಲ್ಲಿ ಕಾಲು ಮೇಲಿಟ್ಟು ಕೈಹೊಲಿಗೆ ಮಾಡ್ತೇನೆ."

ಡಾಕ್ಟರು ಗಾಯವನ್ನು ಇನ್ನೊಮ್ಮೆ ನೋಡಿ, "ಆಗಬಹುದು. ಆದ್ರೆ ವಾರಕ್ಕೊಮ್ಮೆ ಗಾಯ ತೋರಿಸಬೇಕು," ಎಂದರು. ಒಪ್ಪಿದೆ.

ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಿಂತಾಗ, ದೊಡ್ಡದೇನೋ ನಡೆಯಿತು ಎಂದು ಬುದ್ಧಿಗೆ ತಿಳಿಯುತ್ತಿತ್ತು, ಮನಸ್ಸಿಗೆ ತಟ್ಟಲಿಲ್ಲ. ಹಸಿವಾಗಿತ್ತು. ಗಂಡ ಬಿಸ್ಕತ್ತಿನ ಪೊಟ್ಟಣ ತಂದು ಒಡೆದುಕೊಟ್ಟರು.

ಮೊದಲ ವಾರ ಹೊಟ್ಟೆಯ ಚರ್ಮ ಹಿಡಿದು ಸೂಜಿ ಚುಚ್ಚುವ ಮೊದಲು ಮೂರರವರೆಗೆ ಎಣಿಸುತ್ತಿದ್ದೆ, ಆಮೇಲೆ ಅಭ್ಯಾಸವಾಯಿತು. ಗಾಯ ಮಾಗಲು ಎರಡೂವರೆ ತಿಂಗಳು ಹಿಡಿಯಿತು. ನಡುವೆ ಒಮ್ಮೆ ಕೀವಾಗಿ ಬೆರಳು ಹೋಗುತ್ತದೋ ಎಂಬಂತಾಗಿತ್ತು, ಹೋಗಲಿಲ್ಲ. ಸ್ಪರ್ಶ ಮಾತ್ರ ಮರಳಲಿಲ್ಲ, ಮರಳುವ ಭರವಸೆಯನ್ನು ಡಾಕ್ಟರೂ ಕೊಟ್ಟಿಲ್ಲ.

ಈಗ ದಿನಾ ಸಂಜೆ ಕೆಲಸದಿಂದ ಬಂದು ಗಂಡ ನನ್ನ ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಬೆರಳುಗಳ ಸಂದಿ ಬಿಡಿಸಿ ನೋಡುತ್ತಾರೆ.

"ಇಲ್ಲಿ ಒತ್ತಿದ್ರೆ ಗೊತ್ತಾಗ್ತದಾ?" ಎಂದು ಕೇಳುತ್ತಾರೆ.

ಅವರ ಹೆಬ್ಬೆರಳು ನನ್ನ ಹಿಮ್ಮಡಿಯ ಮೇಲಿರುವುದು ಕಾಣುತ್ತದೆ. "ಇಲ್ಲ," ಎನ್ನುತ್ತೇನೆ. ಅವರು ಇನ್ನೊಂದು ಕಾಲು ಎತ್ತಿಕೊಳ್ಳುತ್ತಾರೆ.