ಗಲಾಟೆ ಟ್ರ್ಯಾಕು

ನಮ್ಮ ಕಸುಬಿನಲ್ಲಿ ಅದನ್ನು ಯಾರೂ ಎಡಿಟಿಂಗ್ ಅನ್ನುತ್ತಿರಲಿಲ್ಲ, ಮಿಕ್ಸಿಂಗ್ ಅನ್ನುತ್ತಿದ್ದೆವು. ಮದುವೆ ವಿಡಿಯೋ ತೆಗೆದಾದ ಮೇಲೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಮಾಡುವ ಮೊದಲನೇ ಕೆಲಸವೆಂದರೆ ಛತ್ರದ ಸದ್ದನ್ನೆಲ್ಲ ಸೊನ್ನೆಗೆ ತರುವುದು. ಪಾತ್ರೆ ಸದ್ದು, ಮಕ್ಕಳ ಅಳು, ಬೀಗರ ಕೂಗಾಟ, ಮಂತ್ರ, ನಗು, ಇಷ್ಟಕ್ಕೂ ಸೇರಿಸಿ ನಾವಿಟ್ಟಿದ್ದ ಹೆಸರು ‘ಗಲಾಟೆ’. ಗಲಾಟೆ ತೆಗೆದು ಅದರ ಮೇಲೊಂದು ಸಿನಿಮಾ ಹಾಡು ಕೂರಿಸಿದರೆ ಮಿಕ್ಸಿಂಗ್ ಆಯಿತು. ಜನಕ್ಕೆ ಬೇಕಾಗಿದ್ದದ್ದೂ ಅದೇ. ಗಲಾಟೆ ಉಳಿಸಿ ಕೊಟ್ಟರೆ “ಇದೇನ್ರೀ, ಮಿಕ್ಸಿಂಗೇ ಮಾಡಿಲ್ಲ” ಅಂತ ವಾಪಸ್ ತಂದು ಮುಖಕ್ಕೆ ಹಿಡಿಯುತ್ತಿದ್ದರು. ಹೊನ್ನಾಳಿಯಲ್ಲಿ ನನ್ನಷ್ಟು ಚೊಕ್ಕಟವಾಗಿ ಗಲಾಟೆ ತೆಗೆಯುವವನು ಇನ್ನೊಬ್ಬನಿಲ್ಲ ಅಂತ ಎದೆಯುಬ್ಬಿಸಿಕೊಂಡು ತಿರುಗಿದವನು ನಾನು.

ಸ್ವಂತ ಅಕ್ಕನ ಮದುವೆಗೂ ಅದನ್ನೇ ಮಾಡಿದೆ. ಕ್ಯಾಮೆರಾ ಹಿಡಿದವನೂ ನಾನೇ, ಮಿಕ್ಸಿಂಗ್ ಮಾಡಿದವನೂ ನಾನೇ. ಅರಿಶಿಣ ಹಚ್ಚುವಾಗ ಅವ್ವ ಸೋಬಾನೆ ಪದ ಹಾಡುವ ನಾಲ್ಕು ನಿಮಿಷದ ಮೇಲೆ, ಆ ವರ್ಷ ಎಲ್ಲರ ಮದುವೆಗೂ ಹಾಕುತ್ತಿದ್ದ ಸಿನಿಮಾ ಹಾಡನ್ನೇ ಹಾಕಿದ್ದೆ. ಆ ಸಿಡಿಯಲ್ಲಿ ಇವತ್ತಿಗೂ ಬಾಯಿ ಅವ್ವನದು, ದನಿ ಇನ್ಯಾರದೋ.

ಅವ್ವ ಹೋಗಿ ಈಗ ಹದಿನೈದು ವರ್ಷ. ಅವಳಿದ್ದಾಗ ನಮ್ಮ ಮನೆಯ ಮೊಬೈಲು ಮಾತಾಡುವುದಕ್ಕೆ ಮಾತ್ರ ಇತ್ತು, ಮಾತು ಉಳಿಸಿಕೊಳ್ಳಬಹುದು ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. ಊರೂರಿನ ಮದುವೆ ತೆಗೆದ ನನ್ನ ಹತ್ತಿರ ಹೆತ್ತವ್ವನ ದನಿ ಒಂದು ನಿಮಿಷದಷ್ಟೂ ಇರಲಿಲ್ಲ. ಇದನ್ನು ಯಾರಿಗೂ ಹೇಳಿಕೊಳ್ಳಲಾರದೆ ಒಳಗೇ ಸುಡುತ್ತಿದ್ದೆ.

ಅಕ್ಕನನ್ನು ಕೊಟ್ಟಿದ್ದು ಜಗಳೂರು ಕಡೆಯ ಬಿಳಿಚೋಡಿಗೆ. ಹೋದ ವರ್ಷ ಅವಳ ಮಗಳಿಗೆ ಮದುವೆ ಗೊತ್ತಾಯಿತು. ಅರಿಶಿಣಕ್ಕೆ ಇನ್ನು ಹತ್ತು ದಿನ ಇರುವಾಗ ಅಕ್ಕ ಫೋನು ಮಾಡಿದಳು.

“ತಮ್ಮಾ, ಅರಿಶಿಣದ ದಿನ ಅವ್ವಂದು ಹಾಕ್ಬೇಕು ಅಂತ ಮನಸ್ಸಿನಾಗೈತೆ ಕಣೋ. ಸಿಡಿಯಾಗೆ ಬರೀ ಸಿನಿಮಾ ಹಾಡೈತೆ. ಅದರ ಕೆಳಗೆ ಅವ್ವಂದು ಉಳಿದೈತೋ ಇಲ್ವೋ? ಎಷ್ಟಿದ್ರೆ ಅಷ್ಟು ಸಾಕು.”

“ಐತಕ್ಕ. ತೆಗೆದುಕೊಡ್ತೀನಿ. ಅದೇನು ಮಹಾ,” ಅಂದೆ.

ಮಹಾ ಏನು ಅನ್ನುವುದು ಮಾರನೇ ದಿನ ಗೊತ್ತಾಯಿತು. ಮೂಲ ಕ್ಯಾಸೆಟ್ಟಿನ ಮೇಲೆ ನಾನೇ ಮುಂದೆ ಬೇರೆ ಮೂರು ಮದುವೆ ತುಂಬಿಸಿದ್ದೆ. ಹಳೆಯ ಕಂಪ್ಯೂಟರು ಗುಜರಿ ಸೇರಿತ್ತು. ಉಳಿದದ್ದು ಅದರ ಹಾರ್ಡ್‌ಡಿಸ್ಕು ಒಂದೇ. ಮನೆ ಮದುವೆ ಅನ್ನುವ ಮಮತೆಗೆ ಅದನ್ನು ಬಿಚ್ಚಿ, ಹಳೇ ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೆ. ವೈರು ಹುಡುಕಿ ಹೊಸ ಕಂಪ್ಯೂಟರಿಗೆ ಜೋಡಿಸಿದಾಗ ಡಿಸ್ಕು ನರಳುತ್ತಾ ತಿರುಗಿತು, ನಡುನಡುವೆ ಟಕ್ ಟಕ್ ಅಂದಿತು. ಫೈಲುಗಳು ಕಂಡವು. ಒಂದೂ ಬಾಯಿ ಬಿಡಲಿಲ್ಲ. ಆ ಕಾಲದ ಮಿಕ್ಸಿಂಗ್ ಸಾಫ್ಟ್‌ವೇರು ತನ್ನದೇ ಭಾಷೆಯಲ್ಲಿ ಬರೆದಿಟ್ಟ ಫೈಲುಗಳು ಅವು. ಆ ಸಾಫ್ಟ್‌ವೇರಿನಲ್ಲಿ ಬಿಟ್ಟು ಬೇರೆಲ್ಲಿ ತೆಗೆದರೂ ಹಸಿರು ಪರದೆ, ಗರ್ ಅನ್ನುವ ಸದ್ದು. ಸಿಕ್ಕ ಸಿಕ್ಕ ಪ್ಲೇಯರುಗಳನ್ನೆಲ್ಲ ಇಳಿಸಿಕೊಂಡು ನೋಡಿದೆ. ಎಲ್ಲದರಲ್ಲೂ ಅದೇ ಹಸಿರು, ಅದೇ ಗರ್. ಸಾಫ್ಟ್‌ವೇರು ಮಾಡಿದ ಕಂಪನಿ ಅದನ್ನು ಯಾವತ್ತೋ ನಿಲ್ಲಿಸಿ ಕೈ ತೊಳೆದುಕೊಂಡಿತ್ತು.

ನನಗೆ ಮಿಕ್ಸಿಂಗ್ ಕಲಿಸಿದವರು ನ್ಯಾಮತಿಯಲ್ಲಿದ್ದಾರೆ. ಈಗ ಝೆರಾಕ್ಸ್ ಅಂಗಡಿ. ಅವರ ಹತ್ತಿರ ಆ ಸಾಫ್ಟ್‌ವೇರಿನ ಸಿಡಿಯೂ ಇತ್ತು, ಅದರ ‘ಕೀ’ಯೂ ಇತ್ತು. ಕೀ ಅಂದರೆ ಹೆಬ್ಬೆರಳಿನಷ್ಟಿರುವ ಒಂದು ತುಂಡು. ಕಂಪ್ಯೂಟರಿನ ಬೆನ್ನಿಗೆ ಅದನ್ನು ಚುಚ್ಚದೆ ಸಾಫ್ಟ್‌ವೇರು ತೆರೆಯುವುದೇ ಇಲ್ಲ. ಅವರು ಅದನ್ನು ಅಂಗಡಿ ಬೀಗದ ಕೈಗಳ ಗೊಂಚಲಿನಲ್ಲೇ ಪೋಣಿಸಿಕೊಂಡಿದ್ದರು.

“ಇದನ್ನ ಕೇಳ್ಕೊಂಡು ಬರಾಕೆ ಇನ್ನೂ ಒಬ್ಬ ಬದುಕಿದಾನೆ ಅಂತಾತು,” ಅಂತ ನಕ್ಕರು. ಯಾಕೆ ಅಂತ ಹೇಳಿದ ಮೇಲೆ ನಗು ನಿಲ್ಲಿಸಿ ಕೀ ಬಿಚ್ಚಿಕೊಟ್ಟರು. “ನಿಮ್ಮವ್ವ ಭಾರಿ ಹಾಡ್ತಿದ್ಲಪ್ಪ. ನಮ್ಮನಿ ಮದುವಿಗೂ ಬಂದಿದ್ಲು. ಅದ್ರಾಗೂ ಗಲಾಟೆ ತೆಗೆದುಬಿಟ್ಟೀವಿ.”

ಮನೆಗೆ ಬಂದು ಸಿಡಿ ಹಾಕಿದೆ. ‘ಈ ಪ್ರೋಗ್ರಾಂ ಈ ಸಿಸ್ಟಂನಲ್ಲಿ ನಡೆಯುವುದಿಲ್ಲ.’ ಹಳೇ ಸಿಸ್ಟಂ ಅಂತ ನಂಬಿಸಿ ನಡೆಸುವ ಒಂದು ಸೆಟ್ಟಿಂಗ್ ಇದೆ, ಅದನ್ನು ಒತ್ತಿದೆ. ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಮೆಲ್ಲಗೆ ತುಂಬುತ್ತಾ ತುಂಬುತ್ತಾ ಕೊನೆಯ ತುದಿಗೆ ಬಂದು, ಆಗುವುದಿಲ್ಲ ಅಂದಿತು. ಅಳಿಸಿ ಮತ್ತೆ ಹಾಕಿದೆ. ಕೀ ಚುಚ್ಚಿದರೆ ಇದ್ಯಾವುದೋ ಗುರುತಿಲ್ಲದ ವಸ್ತು ಅನ್ನುತ್ತಿತ್ತು. ಆರು ದಿನ ಹೀಗೆ ಹೋಯಿತು. ಎರಡು ಆಲ್ಬಮ್ಮಿನ ಕೆಲಸ ಬಿಟ್ಟೆ, ಗಿರಾಕಿಗಳ ಫೋನು ಎತ್ತಲಿಲ್ಲ, ಊಟಕ್ಕೆ ಕರೆದ ಹೆಂಡತಿಯ ಮೇಲೆ ರೇಗಿದೆ. ಒಂದು ಬೆಳಿಗ್ಗೆ ಕಂಪ್ಯೂಟರಿಗೆ ಊದುಬತ್ತಿ ಬೆಳಗಿದೆ, ಅದೇ ಮಧ್ಯಾಹ್ನ ಅದಕ್ಕೆ ಹೊಡೆಯಲು ಹೋಗಿ ಮೇಜಿಗೆ ಹೊಡೆದು ಕೈ ಊದಿಸಿಕೊಂಡೆ. ಡಿಸ್ಕಿನ ಟಕ್ ಟಕ್ ಜಾಸ್ತಿಯಾಗುತ್ತಿತ್ತು. ಅವ್ವ ಅದರೊಳಗೆ ಇದ್ದಾಳೆ, ನನ್ನ ಕೈಗೆ ಸಿಗುತ್ತಿಲ್ಲ. ಅವಳಿಗೆ ಮಣ್ಣು ಕೊಟ್ಟ ದಿನವೂ ನಾನು ಅಷ್ಟು ಕಂಗೆಟ್ಟಿರಲಿಲ್ಲ.

ಚನ್ನಗಿರಿಯಲ್ಲಿ ಒಬ್ಬ ಹೆಂಗಸು ಕಂಪ್ಯೂಟರ್ ರಿಪೇರಿ ಮಾಡುತ್ತಾರೆ, ಎಂಥ ಹಳೇ ಮಾಲನ್ನೂ ಎಬ್ಬಿಸುತ್ತಾರೆ ಅಂತ ಯಾರೋ ಹೇಳಿದ್ದರು. ಅರಿಶಿಣಕ್ಕೆ ಎರಡು ದಿನ ಇದೆ ಅನ್ನುವಾಗ ಡಿಸ್ಕು, ಸಿಡಿ, ಕೀ ಎಲ್ಲವನ್ನೂ ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಆಕೆ ಎಲ್ಲ ಕೇಳಿ, ತಲೆಯಾಡಿಸಿದರು.

“ಹೊಸಾ ಸಿಸ್ಟಮ್ಮಿಗೆ ಬಲವಂತ ಮಾಡಿದ್ರೆ ಆಗಂಗಿಲ್ಲ ಅಣ್ಣಾ. ಹೊಸಾ ಮನಿಯೊಳಗೇ ಒಂದು ಹಳೇ ಕ್ವಾಣಿ ಕಟ್ಟಾಣ. ಒಳಗೆ ಹಳೇ ಸಿಸ್ಟಂ ಇರ್ತೈತೆ, ಹೊರಗೆ ಹೊಸದು. ನಿಮ್ಮ ಸಾಫ್ಟ್‌ವೇರಿಗೆ ಹೊರಗೇನೈತೆ ಅಂತ ಗೊತ್ತೇ ಆಗಂಗಿಲ್ಲ.”

ಹಾಗೇ ಮಾಡಿದರು. ಹೊಸ ಪರದೆಯ ನಡುವೆ ಕಿಟಕಿಯಷ್ಟಗಲಕ್ಕೆ ಹಳೆಯ ಸಿಸ್ಟಂ ತೆರೆದುಕೊಂಡಿತು. ಕೀ ಚುಚ್ಚಿದರೆ ಗುರುತು ಹಿಡಿಯಲಿಲ್ಲ. ಬೇರೆ ತೂತಿಗೆ ಹಾಕಿದರು, ಆಗಲೂ ಇಲ್ಲ. ಕಡೆಯ ತೂತಿನಲ್ಲಿ ಹಸಿರು ದೀಪ ಹತ್ತಿತು. ಸಾಫ್ಟ್‌ವೇರು ಎದ್ದು ಅಕ್ಕನ ಮದುವೆಯ ಪ್ರಾಜೆಕ್ಟನ್ನೂ ತೆರೆಯಿತು, ಆದರೆ ಒಳಗೆ ಎಲ್ಲಾ ಕೆಂಪು ಗೆರೆ. ಒಂದು ಫೈಲೂ ಸಿಗುತ್ತಿಲ್ಲ ಅಂದಿತು.

“ಆಗ ಈ ಡಿಸ್ಕಿಗೆ ಯಾವ ಅಕ್ಷರ ಇತ್ತು ಅಣ್ಣಾ?”

“‘ಇ’. ಇ ಡ್ರೈವ್.”

“ಈಗ ‘ಜಿ’ ಅಂತ ಐತೆ. ಅದು ಪಾಪ ಹಳೇ ವಿಳಾಸಕ್ಕೇ ಹೋಗಿ ಬಾಗಿಲು ಬಡೀತೈತೆ,” ಅಂತ ಅಕ್ಷರ ಬದಲಾಯಿಸಿದರು. ಗೆರೆಗಳೆಲ್ಲ ನೀಲಿಯಾದವು. ನಡುವೆ ನನ್ನದೇ ಕೈಯಿಂದ ಇಂಗ್ಲಿಷ್ ಅಕ್ಷರದಲ್ಲಿ ‘ಗಲಾಟೆ’ ಅಂತ ಹೆಸರಿಟ್ಟ ಟ್ರ್ಯಾಕು. ಸದ್ದು ಸೊನ್ನೆಯಲ್ಲಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಮೇಲಕ್ಕೆ ಎಳೆದೆ.

ಅವ್ವ ಹಾಡಿದಳು. ಅವಳ ಪದದಲ್ಲಿ ಮದುಮಗಳ ಹೆಸರು, ಕೊಟ್ಟ ಊರಿನ ಹೆಸರು ಎರಡೂ ಬರಬೇಕು, ಆಗಿಂದಾಗಲೇ ಕಟ್ಟುತ್ತಿದ್ದಳು. ಹೊಳೆ ನೀರು ಕುಡಿದು ಬೆಳೆದ ಹುಡುಗಿಯನ್ನು ಮೋಡ ನೋಡಿಕೊಂಡು ಕೂರುವ ಊರಿಗೆ ಕೊಡುತ್ತಿದ್ದೇವೆ ಅಂತ ಬೀಗರನ್ನು ಕೆಣಕಿ ಎರಡು ಸಾಲು ಹಾಡಿದಳು. ಮೂರನೇ ಸಾಲಿಗೆ ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಇನ್ನೊಂದು ದನಿ ಬಂತು. ಕ್ಯಾಮೆರಾಕ್ಕೆ ಅಂಟಿದಂತೆ ಹತ್ತಿರದಲ್ಲಿ, ಎಳಸು, ದರ್ಪದ ದನಿ.

“ಏ ಅವ್ವಾ, ದನಿ ತೆಗೀಬ್ಯಾಡ. ನೀ ಹಾಡಿದ್ರೆ ಹೆಂಗಸರೆಲ್ಲಾ ದನಿಗೂಡಿಸಾಕೆ ಬಂದು ಅಡ್ಡ ನಿಲ್ತಾರೆ. ಸುಮ್ನೆ ಬಾಯಿ ಆಡ್ಸು. ಹಾಡು ನಾ ಆಮ್ಯಾಲೆ ಹಾಕ್ತೀನಿ.”

ಅದು ನಾನು.

“ಆತಪ್ಪ. ನೀ ಹೆಂಗಂತೀಯೋ ಹಂಗೆ. ಚೆಂದ ಬರ್ಲಿ,” ಅಂದಳು ಅವ್ವ. ಅಲ್ಲಿಂದ ಮುಂದೆ ಬರೀ ಬಳೆ ಸದ್ದು, ಅರಿಶಿಣದ ಬಟ್ಟಲು ತಾಗುವ ಸದ್ದು. ಪರದೆಯ ಮೇಲೆ ಅವ್ವ ನಾಲ್ಕು ನಿಮಿಷ ನನ್ನ ಕಡೆ ನೋಡಿಕೊಂಡು, ನಗುತ್ತಾ, ದನಿಯಿಲ್ಲದೆ ಬಾಯಿ ಆಡಿಸುತ್ತಲೇ ಇದ್ದಳು.

ದೇವರಾಣೆ, ಇದು ನನಗೆ ಮರೆತೇ ಹೋಗಿತ್ತು. ಅವ್ವನ ಹಾಡನ್ನು ಮುಚ್ಚಿಬಿಟ್ಟೆನಲ್ಲ ಅಂತ ಇಷ್ಟು ವರ್ಷ ಕೊರಗಿದ್ದೆ. ಅವಳನ್ನು ಹಾಡಲಿಕ್ಕೇ ಬಿಟ್ಟಿರಲಿಲ್ಲ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. “ಸಿಕ್ತೇನಣ್ಣಾ?” ಅಂತ ಆಕೆ ಕೇಳಿದರು. ಸಿಕ್ಕಿತಮ್ಮ ಅಂದೆ.

ಆಮೇಲೆ ನನ್ನ ಕೈ ತನ್ನಷ್ಟಕ್ಕೆ ತಾನು ಗೊತ್ತಿದ್ದ ಕೆಲಸ ಮಾಡಿತು. ಹಾಡು ಶುರುವಾಗುವ ಕಡೆ ಒಂದು ಗುರುತು, ‘ಏ ಅವ್ವಾ’ಗೆ ಸ್ವಲ್ಪ ಹಿಂದೆ ಇನ್ನೊಂದು ಗುರುತು, ನಡುವಿನದ್ದನ್ನು ಮಾತ್ರ ತೆಗೆದು ಫೋನಿಗೆ ಹಾಕಿಕೊಂಡೆ. ಅಷ್ಟೇ ಹಾಡಿದ್ದು ಅಂದರೆ ಆಯಿತು, ಮಿಕ್ಕಿದ್ದು ಯಾರಿಗೆ ಗೊತ್ತಾಗಬೇಕು. ಪೂರ್ತಿ ಫೈಲಿನದೂ ಒಂದು ಕಾಪಿ ಮಾಡೋಣ ಅಂತ ಆಕೆ ಕೈ ಹಾಕುವಷ್ಟರಲ್ಲಿ ಡಿಸ್ಕು ಎರಡು ಸಲ ಜೋರಾಗಿ ಟಕ್ ಅಂದು ನಿಂತಿತು. ಆಕೆ ಸಂಜೆವರೆಗೆ ಪಟ್ಟುಹಿಡಿದು ಕೂತರು. ಏಳಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಒಳಗೊಳಗೇ ಸಮಾಧಾನವಾಯಿತು. ಇನ್ನು ಆ ದನಿಯನ್ನು, ನನ್ನ ಆ ದರ್ಪವನ್ನು, ಯಾರೂ ಕೇಳುವ ಹಾಗಿರಲಿಲ್ಲ.

ಅರಿಶಿಣದ ಬೆಳಿಗ್ಗೆ ಬಿಳಿಚೋಡಿಗೆ ಹೋದೆ. ಅಕ್ಕ ಕೈ ಒರೆಸಿಕೊಳ್ಳುತ್ತಾ ಮೆಕ್ಕೆಜೋಳದ ಚೀಲ ಒಟ್ಟಿದ್ದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ತನ್ನ ಹೆಸರು ಬಂದಾಗ ಸೆರಗು ಬಾಯಿಗೆ ಹೋಯಿತು. ಇನ್ನೊಂದು ಸಲ ಹಾಕಿಸಿಕೊಂಡಳು. ಹಾಡು ನಿಂತ ಮೇಲೂ ಫೋನು ಇಳಿಸದೆ ಕಾದಳು.

“ಮುಂದಿಂದು?” ಅಂದಳು.

“ಅಷ್ಟೇ ಅಕ್ಕ. ಅವ್ವ ಅಷ್ಟೇ ಹಾಡಿದ್ದು.”

“ಹಾಡಿದ್ದು ಅಷ್ಟೇ ಅಂತ ನನಗೆ ಗೊತ್ತಿಲ್ವೇನೋ? ನಾನು ಅಲ್ಲೇ ಮಣೆ ಮ್ಯಾಲೆ ಕುಂತಿದ್ದೆ. ನೀನು ದನಿ ತೆಗೀಬ್ಯಾಡ ಅಂದಿ. ಅದಕ್ಕೆ ಅವ್ವ ನಿನಗೇನೋ ಅಂದ್ಲು, ಚೆಂದ ಬರ್ಲಿ ಅಂತ. ಪದ ನನಗೂ ಬರ್ತೈತೆ ಕಣೋ. ಅವ್ವ ಮಾತಾಡಿದ್ದು ಬೇಕಾಗಿತ್ತು ನನಗೆ. ಅದೆಲ್ಲೈತೆ?”

ಡಿಸ್ಕು ಸತ್ತ ವಿಷಯ ಹೇಳಿದೆ. ನನ್ನ ಮಾತು ತೆಗೆಯಲು ಹೋಗಿ ಅವ್ವನ ಮಾತನ್ನೂ ಬಿಟ್ಟುಬಂದೆ ಅಂತಲೂ ಹೇಳಿದೆ. ಹೊರಗೆ ಹೆಂಗಸರು ಅಕ್ಕನನ್ನು ಕೂಗುತ್ತಿದ್ದರು. ಫೋನನ್ನು ನನ್ನ ಕೈಗಿಟ್ಟು ಬಾಗಿಲ ಹತ್ತಿರ ಹೋಗಿ ನಿಂತಳು.

“ನಿನ್ನ ಮಾತೂ ಇದ್ದಿದ್ರೆ ಏನಾಗ್ತಿತ್ತೋ ತಮ್ಮಾ?” ಅಂದಳು.