ಟೇಪು ಮುಟ್ಟದ ದರ್ಜಿ

ನಮ್ಮ ಬೀದಿಯ ದರ್ಜಿ ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಅಳತೆಯ ಟೇಪು ಮುಟ್ಟಿದವನಲ್ಲ. ಈ ಮಾತಿನಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಉತ್ಪ್ರೇಕ್ಷೆ ಇನ್ನು ಮುಂದೆ ಬರುತ್ತದೆ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಎದೆ, ಸೊಂಟ, ತೋಳು ಮೂರೂ ಇವನ ತಲೆಯಲ್ಲಿ ದಾಖಲಾಗಿರುತ್ತಿದ್ದವು. ಒಮ್ಮೆ ಬಸ್ಸಿನ ಕಿಟಕಿಯಿಂದ ಮೊಣಕೈ ಮಾತ್ರ ಹೊರಗೆ ಚಾಚಿಕೊಂಡು ಹೋದ ಒಬ್ಬನಿಗೆ ಪೂರಾ ಸೂಟು ಹೊಲಿದಿಟ್ಟಿದ್ದ. ಆರು ತಿಂಗಳ ಮೇಲೆ ಆ ಮನುಷ್ಯ ನಮ್ಮಲ್ಲಿಗೆ ಬಂದು ತೊಟ್ಟು ನೋಡಿದರೆ ಒಂದು ಗುಂಡಿಯನ್ನೂ ಸರಿಸಬೇಕಾಗಲಿಲ್ಲ. ಆಕಾಶದಲ್ಲಿ ಮೋಡ ಕಂಡರೆ "ಹನ್ನೆರಡು ಮೀಟರು, ಅಂಚು ಮಡಿಸಿದರೆ ಹನ್ನೊಂದೂವರೆ" ಎನ್ನುವ ಜಾತಿಯವನು. ಟೇಪು ನೇತುಹಾಕಬೇಕಾದ ಮೊಳೆಗೆ ಛತ್ರಿ ನೇತುಹಾಕಿದ್ದ. ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು 'ಕಣ್ಣಳತೆ' ಎಂದೇ.

"ಟೇಪು ಅನುಮಾನ ಇರೋರಿಗೆ, ಮೇಷ್ಟ್ರೇ," ಎನ್ನುತ್ತಿದ್ದ ನನಗೆ. ನಾನು ನಿವೃತ್ತ ಮೇಷ್ಟ್ರು. ಬೆಳಗ್ಗೆ ಹತ್ತರಿಂದ ಒಂದರ ತನಕ ಅವನ ಅಂಗಡಿಯ ಬೆಂಚು ಸವೆಸುವುದು ನನ್ನ ಈಗಿನ ಉದ್ಯೋಗ.

ಅವನ ಹೆಂಡತಿ ಮೊದಲು ಅದೇ ಅಂಗಡಿಯಲ್ಲಿ ಕಾಜ ಮಾಡಿ ಗುಂಡಿ ಹಾಕುತ್ತಿದ್ದಳು. ಇಬ್ಬರು ಕೂತರೆ ಕತ್ತರಿಗೂ ಜಾಗ ಸಾಲದ ಅಂಗಡಿ ಅದು. ನಾಲ್ಕು ವರ್ಷದ ಹಿಂದೆ ಅವಳು ದೂರದ ಮಹಾನಗರಕ್ಕೆ ಹೋಗಿ ದೊಡ್ಡ ಹೋಟೆಲೊಂದರ ಲಾಂಡ್ರಿಗೆ ಸೇರಿದಳು. ವರ್ಷಕ್ಕೊಮ್ಮೆ ಹತ್ತು ದಿನ ಬರುತ್ತಿದ್ದಳು. ಹೋದ ವರ್ಷ "ರಜೆ ಸಿಗಲಿಲ್ಲ" ಎಂದು ಬರಲಿಲ್ಲ. ಇವನು ಒಮ್ಮೆಯೂ ಹೋದವನಲ್ಲ; ಅಂಗಡಿ ಮುಚ್ಚಿದರೆ ಊರಿಗೆ ಊರೇ ಬರಿಮೈಯಲ್ಲಿ ಓಡಾಡುತ್ತದೆ ಎಂಬುದು ಅವನ ನಂಬಿಕೆ. ದಿನಾ ಸಂಜೆ ಫೋನಿನಲ್ಲಿ ಮುಖ ನೋಡಿ ಮಾತಾಡುತ್ತಿದ್ದರು.

ಒಂದು ಸಂಜೆ ಅವಳು ಹೇಳಿದಳು: "ರೀ, ಲಾಂಡ್ರಿಗೆ ಸೂಪರ್‌ವೈಸರ್ ಬೇಕಂತೆ, ನನ್ನನ್ನ ಕರೆದಿದ್ದಾರೆ. ಮುಂದಿನ ಶುಕ್ರವಾರ ಸಂದರ್ಶನ. ಸಿಕ್ಕಿದ್ರೆ ಇನ್ನೂ ಮೂರು ವರ್ಷ ಇರ್ತೀನಿ ಅಂತ ಸಹಿ ಹಾಕ್ಬೇಕು. ಒಂದು ಸಲ ಬಂದು ನೋಡಿ. ನೋಡಿದ ಮೇಲೆ ನೀವು ಏನು ಹೇಳ್ತೀರೋ ಹೇಳಿ."

ಕಣ್ಣಳತೆ ಆ ವಾರ ಬೇರೆ ಯಾರ ಬಟ್ಟೆಗೂ ಕತ್ತರಿ ಹಾಕಲಿಲ್ಲ. ಸಂದರ್ಶನಕ್ಕೆಂದು ನೀಲಿ ಕೋಟು ಹೊಲಿದ. ಅವನದೊಂದು ಪದ್ಧತಿ ಇದೆ: ಯಾರ ಬಟ್ಟೆಗಾದರೂ ಹೊಲಿಗೆಯ ಒಳಗಡೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತಾನೆ, ನಾಳೆ ಮೈ ಬಂದರೆ ಬಿಚ್ಚಿ ದೊಡ್ಡದು ಮಾಡಲಿಕ್ಕೆ. ಈ ಕೋಟಿಗೆ ಬಿಡಲಿಲ್ಲ.

"ಒಳಗೆ ಬಟ್ಟೆ ಬಿಡಲ್ವೇನಯ್ಯಾ?" ಎಂದೆ.

"ಹೆಂಡ್ತಿ ಅಳತೆ ಮೇಷ್ಟ್ರೇ. ಇದಕ್ಕೂ ಅನುಮಾನಾನಾ?"

ಕೋಟು ತೊಟ್ಟು ಕನ್ನಡಿ ಮುಂದೆ ನಿಂತರೆ, ಇಷ್ಟು ಸರಿಯಾಗಿ ನನ್ನನ್ನು ಬಲ್ಲವನನ್ನು ಬಿಟ್ಟು ಯಾಕಪ್ಪಾ ಇಲ್ಲಿದ್ದೇನೆ ಎಂದು ಅವಳಿಗೇ ಅನ್ನಿಸಬೇಕು, ಸಹಿ ಹಾಕದೆ ಜೊತೆಯಲ್ಲಿ ಹೊರಟುಬಿಡಬೇಕು. ಅವನ ಲೆಕ್ಕಾಚಾರ ಅದು. ಬಾಯಿಬಿಟ್ಟು ಹೇಳಲಿಲ್ಲ, ರೈಲಿಗೆ ಹೋಗುವಾಗ ಒಂದು ಟಿಕೆಟ್ಟು, ಬರುವಾಗ ಎರಡು ಕಾದಿರಿಸಿದ್ದನ್ನು ಮಾತ್ರ ನಾನು ಕಣ್ಣಾರೆ ಕಂಡೆ.

ಮೂವತ್ತೊಂದು ಗಂಟೆಯ ಪ್ರಯಾಣ. ಮುಂದಿನದನ್ನೆಲ್ಲ ಅವನೇ ಹೇಳಿದ್ದು; ಅವನು ಬಿಟ್ಟಿದ್ದನ್ನು ಅವಳು ಫೋನಿನಲ್ಲಿ ಸೇರಿಸಿದಳು; ಇಬ್ಬರೂ ಬಿಟ್ಟ ಕಡೆ ನಾನು ತೇಪೆ ಹಾಕಿದ್ದೇನೆ.

ನಗರದಲ್ಲಿ ಇಳಿದವನು ಕಟ್ಟಡಗಳ ತುದಿ ನೋಡಲು ಹೋಗಿ ಎರಡು ಸಲ ಟೋಪಿ ಬೀಳಿಸಿಕೊಂಡ. ಆದರೆ ಕಟ್ಟಡಕ್ಕಿಂತ ಅವನ ಕಣ್ಣು ಜನರ ಬೆನ್ನಿನ ಮೇಲೆ. ಸ್ಟೇಷನ್ನಿನ ಹೊರಗಿನ ಮೇಲ್ಸೇತುವೆಯಲ್ಲಿ ನಿಂತು ಒಂದು ಗಂಟೆಯಲ್ಲಿ ನಾಲ್ಕು ಸಾವಿರ ಅಂಗಿಗಳ ತಪ್ಪು ಕಂಡುಹಿಡಿದನಂತೆ. "ಅಷ್ಟು ಜನದಲ್ಲಿ ಒಬ್ಬನಿಗೂ ಭುಜ ಸರಿಯಾಗಿ ಕೂತಿರಲಿಲ್ಲ ಮೇಷ್ಟ್ರೇ. ಆದರೂ ಎಲ್ಲರೂ ಸರಸರ ನಡೀತಿದ್ರು! ಹೇಗೆ ಅಂತ?" ಕರೆದೊಯ್ಯಲು ಬಂದ ಹೆಂಡತಿ ಹಿಂದಿನಿಂದ ಬೆನ್ನು ತಟ್ಟಿದಾಗಲೇ ಎಚ್ಚರವಾದದ್ದು. ಅವಳು ದಪ್ಪ ಸ್ವೆಟರಿನ ಒಳಗಿದ್ದಳು. ಸ್ವೆಟರಿನ ಒಳಗೆ ಯಾರನ್ನೂ ಅಳೆಯಲಾಗದು, ಅದು ಅವನೇ ಹೇಳುವ ಮಾತು.

ಅವಳ ಕೋಣೆ ನಾಲ್ಕನೆಯ ಮಹಡಿಯಲ್ಲಿ. ಒಂದು ಮಂಚ, ಒಂದು ಸ್ಟೌ, ಕಿಟಕಿಯ ಸರಳಿಗೆ ಒಣಗಲು ಹಾಕಿದ ಕಾಲುಚೀಲ. ಬಾಗಿಲು ಪೂರ್ತಿ ತೆಗೆಯಬೇಕಾದರೆ ಒಳಗಿದ್ದವರು ಮಂಚ ಹತ್ತಬೇಕು. ಟೀ ಕುಡಿದದ್ದೇ ತಡ, ಚೀಲದಿಂದ ನೀಲಿ ಕೋಟು ತೆಗೆದು ಅವಳಿಗೆ ತೊಡಿಸಿದ.

ಕಾಲರು ಹೇಳಿ ಮಾಡಿಸಿದಂತೆ ಕೂತಿತು. ಅಲ್ಲಿಂದ ಕೆಳಗೆ ಕೋಟು ಹಟ ಹಿಡಿಯಿತು.

"ನೆಟ್ಟಗೆ ನಿಲ್ಲು."

"ನೆಟ್ಟಗೇ ನಿಂತಿದ್ದೀನಿ ರೀ."

"ಉಸಿರು ಬಿಡು."

"ಬಿಟ್ಟಾಯ್ತು. ಇನ್ನೂ ಬಿಟ್ರೆ ವಾಪಸ್ ಬರಲ್ಲ."

ಅವಳು ಕೈ ಮುಂದೆ ಚಾಚಿದಳು. ಬೆನ್ನಿನ ಹೊಲಿಗೆ ಕಾಲರಿನಿಂದ ಸೊಂಟದ ತನಕ ಪರ್ರೆಂದು ಬಿಟ್ಟುಕೊಂಡಿತು. ಆ ಸದ್ದಿಗೆ ಕೆಳಗಿನ ಮೂರು ಮಹಡಿಯವರೂ ಬಾಗಿಲು ತೆಗೆದು ನೋಡಿದರು ಎಂದು ನನ್ನ ಅಂದಾಜು. ಕಣ್ಣಳತೆ ಮಂಚದ ಮೇಲೆ ಕುಸಿದು ಕೂತ. ದಿನಾ ಫೋನಿನಲ್ಲಿ ಕಂಡದ್ದು ಕತ್ತಿನ ತನಕ. ಕತ್ತಿನ ತನಕ ಅವನ ಅಳತೆ ಸರಿಯಾಗಿತ್ತು. ಅದರಾಚೆಗೆ ಹತ್ತೊಂಬತ್ತು ತಿಂಗಳ ಹಿಂದಿನ ಹೆಂಗಸಿಗೆ ಕೋಟು ಹೊಲಿದಿದ್ದ. ಬಿಚ್ಚಿ ದೊಡ್ಡದು ಮಾಡೋಣವೆಂದರೆ ಒಳಗೆ ಒಂದು ಬೆರಳು ಬಟ್ಟೆಯೂ ಇಲ್ಲ. ಅಂದು ಬುಧವಾರ.

ಚಪ್ಪಲಿ ಮೆಟ್ಟಿ ಕೆಳಗಿಳಿದ. ಬೀದಿಯ ಕೊನೆಯಲ್ಲಿ ದಾರ, ಸೂಜಿ, ಗುಂಡಿ ಮಾರುವ ಅಂಗಡಿ ಇತ್ತು. ಟೇಪು ಕೇಳಿದ. ಅಂಗಡಿಯ ಹೆಂಗಸು ಅವನು ಅದನ್ನು ತಲೆಕೆಳಗಾಗಿ ಹಿಡಿದದ್ದು ನೋಡಿ, "ಹೊಸದಾಗಿ ಹೊಲಿಗೆ ಕಲೀತಿದ್ದೀರಾ?" ಎಂದು ಕೇಳಿದಳು.

"ಹೂಂ, ಇವತ್ತಿಂದ," ಎಂದನಂತೆ.

ಕೋಣೆಗೆ ಬಂದು ಹೆಂಡತಿಯ ಬೆನ್ನಿಗೆ ಟೇಪು ಹಿಡಿದ. "ಭುಜ ಹದಿನಾರೂವರೆ. ನಿನ್ನದು ಹದಿನೈದಿತ್ತು. ಈ ಒಂದೂವರೆ ಇಂಚು ಎಲ್ಲಿಂದ ಬಂತು?"

"ಒದ್ದೆ ಬೆಡ್‌ಶೀಟಿಂದ. ಮಷಿನ್ನಿಂದ ಎತ್ತಿ ಗಾಡಿಗೆ ಹಾಕ್ಬೇಕು. ದಿನಕ್ಕೆ ಆರ್ನೂರು."

"ನನಗೆ ಹೇಳಲೇ ಇಲ್ಲ?"

"ನೀವು ಊಟ ಆಯ್ತಾ ಅಂತ ಕೇಳ್ತಿದ್ರಿ, ಆಯ್ತು ಅಂತಿದ್ದೆ. ಬೆಡ್‌ಶೀಟು ಎಷ್ಟು ಅಂತ ಕೇಳಿದ್ರೆ ಹೇಳ್ತಿರಲಿಲ್ವಾ?"

ಅವನಿಗೆ ಕುತೂಹಲ ಹತ್ತಿತು. ಬಲತೋಳು ಎಡತೋಳಿಗಿಂತ ಮುಕ್ಕಾಲಿಂಚು ದಪ್ಪ. "ಇದೇನೇ, ಎರಡು ಕೈ ಎರಡು ಅಂಗಡೀಲಿ ಕೊಂಡ ಹಾಗಿದೆ?"

"ನನ್ನ ಗಾಡಿಯ ಒಂದು ಚಕ್ರ ಎಡಕ್ಕೆ ಎಳೆಯುತ್ತೆ. ಬಲಗೈಲಿ ಒತ್ತಿ ಹಿಡೀಬೇಕು."

"ಸೊಂಟ ಒಂದಿಂಚು ಕಮ್ಮಿ?"

"ಮೆಟ್ಟಿಲು. ಲಿಫ್ಟ್ ಇದೆ, ಆದ್ರೆ ಅದು ನಮಗಿಂತ ಮೊದಲು ಸುಸ್ತಾಗಿ ಕೂತಿದೆ."

ಒಂದೊಂದು ಇಂಚಿಗೂ ಒಂದೊಂದು ಕಥೆ. ಅವನು ಬರೆದುಕೊಳ್ಳುತ್ತ ಹೋದ. ಮಣಿಕಟ್ಟಿಗೆ ಬಂದಾಗ ಟೇಪು ನಿಂತಿತು. ಅಲ್ಲಿ ಅಂಗೈಯಗಲದ ಸುಟ್ಟ ಕಲೆ ಇತ್ತು.

"ಇದು?"

"ಇಸ್ತ್ರಿ ಮಾಡೋ ರೋಲರ್. ಹೋದ ವರ್ಷ."

"ಹೋದ ವರ್ಷ ರಜೆ ಸಿಗಲಿಲ್ಲ ಅಂದಿದ್ದೆ."

"ಸಿಕ್ಕಿತ್ತು," ಎಂದಳು. "ಕೈಗೆ ಬ್ಯಾಂಡೇಜ್ ಸುತ್ಕೊಂಡು ಬಂದಿದ್ರೆ ನೀವು ವಾಪಸ್ ಕಳಿಸ್ತಿದ್ರಾ?"

ಕಳಿಸುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವನು ಮಣಿಕಟ್ಟಿನ ಅಳತೆಯನ್ನು ಎರಡು ಸಲ ತೆಗೆದುಕೊಂಡ, ಎರಡನೆಯದು ಬೇಕಿರಲಿಲ್ಲ.

ಮರುದಿನ ಅವಳು ಕಾವಲಿನವನ ಒಪ್ಪಿಗೆ ಪಡೆದು ಗಂಡನನ್ನು ಲಾಂಡ್ರಿಗೇ ಕರೆದೊಯ್ದಳು. ಹೋಟೆಲಿನ ನೆಲಮಾಳಿಗೆ, ಮೂಲೆಯಲ್ಲಿ ಸಿಬ್ಬಂದಿಯ ಹರಿದ ಬಟ್ಟೆ ರಿಪೇರಿ ಮಾಡುವ ಒಬ್ಬ ಮುದುಕಿ, ಅವಳ ಮುಂದೊಂದು ಹೊಲಿಗೆ ಯಂತ್ರ. ಎಲ್ಲರೂ ಅವಳನ್ನು ತೇಪೆಯಮ್ಮ ಎನ್ನುತ್ತಿದ್ದರು. ಆಕೆ ಸೀಳಿದ ಕೋಟನ್ನು ತಿರುಗಿಸಿ ನೋಡಿ, "ಯಾವ ದಡ್ಡ ಹೊಲಿದದ್ದು? ಒಳಗೆ ಬಟ್ಟೇನೇ ಬಿಟ್ಟಿಲ್ವಲ್ಲ!" ಎಂದಳು.

"ನಮ್ಮೂರಲ್ಲಿ ಒಬ್ಬ ಇದ್ದ, ತಾಯಿ," ಎಂದ ಕಣ್ಣಳತೆ.

ನೀಲಿ ಬಟ್ಟೆ ಇರಲಿಲ್ಲ. ಹಳೆಯ ಸಮವಸ್ತ್ರದ ಬೂದು ಬಟ್ಟೆ ಸಿಕ್ಕಿತು. ಬೆನ್ನಿಗೊಂದು, ಕಂಕುಳಿನ ಕೆಳಗೆ ಎರಡು ಪಟ್ಟಿ ಕತ್ತರಿಸಿ ಜೋಡಿಸತೊಡಗಿದ. ಆದರೆ ಅವನ ಕಾಲು ಯಂತ್ರ ತುಳಿದಷ್ಟೇ ಹೊತ್ತು ನಿಲ್ಲುತ್ತಿತ್ತು, ಯಾಕೆಂದರೆ ಕಣ್ಣು ಹೆಂಡತಿಯ ಕಡೆ. ಬಟ್ಟೆ ಒಗೆಯುವ ಹನ್ನೆರಡು ಯಂತ್ರಗಳು ಒಟ್ಟಿಗೆ ಗುಡುಗುತ್ತಿದ್ದವು. ಆ ಗದ್ದಲದಲ್ಲಿ ಆನೆ ಸೀನಿದರೂ ಕೇಳಿಸದು. ಅವನ ಹೆಂಡತಿ ಬೆನ್ನು ತಿರುಗಿಸಿ ಬಟ್ಟೆ ವಿಂಗಡಿಸುತ್ತಿದ್ದವಳು ಥಟ್ಟನೆ ಕೈ ಎತ್ತಿದಳು. "ಏಳನೇದು ನಿಲ್ಸಿ! ಟವೆಲ್ ಒಂದೇ ಕಡೆ ಸೇರ್ಕೊಂಡಿದೆ!" ಇಬ್ಬರು ಓಡಿಹೋಗಿ ನಿಲ್ಲಿಸಿ ಬಾಗಿಲು ತೆಗೆದರೆ, ಅವಳು ಹೇಳಿದಂತೆಯೇ ಇತ್ತು.

"ಕಿವಿಯಲ್ಲೇ ಅಳೀತಾಳೆ," ಎಂದಳು ತೇಪೆಯಮ್ಮ. "ಎಲ್ಲಿ ಕಲಿತಳೋ."

ಕಣ್ಣಳತೆಗೆ ಹೆಮ್ಮೆಯಾಯಿತೋ ಹೊಟ್ಟೆಕಿಚ್ಚಾಯಿತೋ, ಇಂದಿಗೂ ಹೇಳಿಲ್ಲ.

ಶುಕ್ರವಾರ ಅವಳು ನೀಲಿಯ ನಡುವೆ ಬೂದು ಪಟ್ಟಿಯ ಕೋಟು ತೊಟ್ಟು ಐವರು ಅಧಿಕಾರಿಗಳ ಮುಂದೆ ನಿಂತಳು. ಒಬ್ಬರು "ಇದು ಹೊಸ ಫ್ಯಾಷನ್ನಾ?" ಎಂದು ಕೇಳಿದರಂತೆ. "ಇಲ್ಲ ಸರ್, ಕೈ ಆಡಿಸೋಕೆ ಜಾಗ," ಎಂದಳಂತೆ. ಸಂಜೆಗೆ ಕೆಲಸದ ಪತ್ರ ಕೈಗೆ ಬಂತು. ಶನಿವಾರ ಮಧ್ಯಾಹ್ನದೊಳಗೆ ಸಹಿ ಹಾಕಿ ಕೊಡಬೇಕು. ಅವಳು ಅದನ್ನು ಮಂಚದ ಮೇಲೆ ಬಿಡಿಸಿಟ್ಟಳು.

"ನೋಡಿದ್ರಲ್ಲ. ಈಗ ಹೇಳಿ."

ಅವನ ಜೇಬಿನಲ್ಲಿ ಎರಡು ಟಿಕೆಟ್ಟುಗಳಿದ್ದವು. ತೆಗೆದು ಪತ್ರದ ಪಕ್ಕಕ್ಕಿಟ್ಟ. ಅವಳ ಮುಖ ಸಣ್ಣದಾಯಿತು.

"ಹೇಳ್ಬೇಕು ಅಂತ ಒಂದು ಮಾತು ಊರಿಂದ ತಂದಿದ್ದೆ," ಎಂದ. "ಅದೂ ಹಳೇ ಅಳತೆಗೆ ಹೊಲಿದದ್ದು. ನಿನಗೀಗ ಆಗಲ್ಲ. ಸಹಿ ಹಾಕು. ಇದರಲ್ಲೊಂದು ಟಿಕೆಟ್ಟು ರದ್ದು ಮಾಡ್ಸೋಣ."

"ಮತ್ತೆ ನೀವು?"

"ಮೂರು ತಿಂಗಳಿಗೊಂದು ಸಲ ಬರ್ತೀನಿ. ಅಳತೆ ತಗೊಳ್ಳೋಕೆ."

"ಬರೀ ಅಳತೆಗಾ?"

"ಬರೀ ಅಳತೆ ಅಂತೀಯಲ್ಲ, ಮಣಿಕಟ್ಟಿಗೇ ಅರ್ಧ ದಿನ ಹಿಡಿಯುತ್ತೆ."

ಅವಳು ನಗುತ್ತಲೇ ಸಹಿ ಹಾಕಿದ್ದರಿಂದ ಅಕ್ಷರ ಸೊಟ್ಟಗಾಯಿತಂತೆ.

ಸೋಮವಾರ ಹತ್ತಕ್ಕೆ ನಾನು ಬೆಂಚಿಗೆ ಬಂದರೆ ಮೊಳೆಯ ಮೇಲೆ ಛತ್ರಿ ಇಲ್ಲ, ಟೇಪಿದೆ. ಕಣ್ಣಳತೆ ಹೊಸ ನೀಲಿ ಬಟ್ಟೆ ಹಾಸಿ, ಹೆಂಡತಿಯ ಅಳತೆ ಬರೆದ ಚೀಟಿ ನೋಡಿ ಗೆರೆ ಎಳೆಯುತ್ತಿದ್ದ. ಹೊಲಿಗೆಯ ಗೆರೆಯಾಚೆ ಬಿಟ್ಟ ಬಟ್ಟೆ ಎಣಿಸಿದೆ: ನಾಲ್ಕು ಬೆರಳು.

ಇಷ್ಟು ದಿನ ಕಾದ ಸಂದರ್ಭ, ಬಿಡಲಾದೀತೇ? "ಏನಯ್ಯಾ, ಟೇಪು ಅನುಮಾನ ಇರೋರಿಗೆ ಅಂತಿದ್ದೆ? ಇಪ್ಪತ್ತೇಳು ವರ್ಷದ ಬಡಾಯಿ ಒಂದೇ ವಾರಕ್ಕೆ ಹರಿದುಹೋಯ್ತಾ? ಬಾ, ನನ್ನ ಪ್ಯಾಂಟಿಗೂ ಟೇಪು ಹಿಡಿ," ಎಂದು ಎದ್ದು ನಿಂತು, ಹೊಟ್ಟೆಯನ್ನು ಸಾಧ್ಯವಾದಷ್ಟು ಒಳಗೆಳೆದುಕೊಂಡೆ.

ಅವನು ತಲೆ ಎತ್ತಿ ಒಂದು ಸಲ ಮೇಲಿಂದ ಕೆಳಗೆ ನೋಡಿದ.

"ಕೂತ್ಕೊಳ್ಳಿ ಮೇಷ್ಟ್ರೇ. ಟೇಪು ಬೆಳೆಯೋರಿಗೆ. ನಿಮಗೆ ನನ್ನ ಕಣ್ಣೇ ಸಾಕು."