ಅರ್ಧ ನೇಯ್ದ ಚಾಪೆ

ಆ ದಿನ ಅವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು ಆಪಿನ ಹುಲ್ಲು ಕೊಯ್ಯುತ್ತಿದ್ದಳು. ನಾನು ದಂಡೆಯ ಮೇಲೆ ಕುಳಿತು ಅದನ್ನು ಕಟ್ಟು ಕಟ್ಟುತ್ತಿದ್ದೆ. ಮುಡಬಿ ಕಡೆಯ ನಮ್ಮೂರಿನ ಹಳ್ಳ ಅಲ್ಲಿ ಅಗಲವಾಗಿ ಹರಡಿ ಜವುಗಾಗಿತ್ತು. ಚಾಪೆ ನೇಯುವ ಆ ಹುಲ್ಲು ಆಳೆತ್ತರ ಬೆಳೆಯುತ್ತಿತ್ತು. ಅವ್ವ ನೇಯ್ದ ಚಾಪೆಗಳು ಬಸ್ಸಿನ ಮೇಲೇರಿ ಹುಮನಾಬಾದಿನ ಸಂತೆಗೆ ಹೋಗುತ್ತಿದ್ದವು. ನಾವು ಮಲಗುತ್ತಿದ್ದದ್ದು ಯಾರೂ ಕೊಳ್ಳದ, ಅಂಚು ಹರಿದ ಚಾಪೆಗಳ ಮೇಲೆ.

"ಈ ಸಲದ್ದು ಮಾರಂಗಿಲ್ಲ," ಅಂದಳು ಅವ್ವ. "ಅಗಲ ಹಚ್ಚೀನಿ. ನಮ್ಮ ಮನಿಗೇ ಇರಲಿ."

ಮರುದಿನ ಮೇಲಿನ ಹೊಲದಲ್ಲಿ ಬೋರ್ ಕೊರೆಯುವ ಲಾರಿ ಬಂದು ನಿಂತಿತು. ಆಮೇಲೆ ಪಕ್ಕದ ಹೊಲದಲ್ಲಿ, ಆಮೇಲೆ ನಮ್ಮದರಲ್ಲಿ. ಎಲ್ಲರೂ ಕಬ್ಬು ಹಚ್ಚಿದರು, ನನ್ನ ತಮ್ಮನೂ ಹಚ್ಚಿದ. ಕೆಲವೇ ಬೇಸಿಗೆಗಳಲ್ಲಿ ಹಳ್ಳ ನಿಂತಿತು, ಜವುಗು ಬಿರುಕು ಬಿಟ್ಟಿತು, ಆಪು ಒಣಗಿ ನೆಲಕ್ಕೆ ಬಿತ್ತು. ಮಾರುವ ಚಾಪೆಗಳಿಗೆ ಹೋಗಿ ಉಳಿದ ಆಪಿನಿಂದಷ್ಟೇ ನೇಯುತ್ತಿದ್ದ ಅವ್ವನ ಅಗಲ ಚಾಪೆ ಅರ್ಧಕ್ಕೆ ನಿಂತಿತು. ಅದನ್ನು ಅವಳು ಮಗ್ಗದಿಂದ ಬಿಚ್ಚಲಿಲ್ಲ.

ವರ್ಷಗಳ ಮೇಲೆ ಊರಿನವರು ಕೂಡಿ ಹಳ್ಳವನ್ನು ಮತ್ತೆ ಹರಿಸಬೇಕೆಂದು ಮಾತಾಡಿದರು. ದಂಡೆಯ ಬೋರುಗಳೆಲ್ಲ ಬಂದ್ ಆಗಬೇಕು, ಕಬ್ಬು ಬಿಡಬೇಕು. ಆಗಲೇ ಹಾಸಿಗೆ ಹಿಡಿದಿದ್ದ ಅವ್ವನಿಗೆ ತಮ್ಮ ಬಂದು ಹೇಳಿದ.

"ಕಬ್ಬು ಬಿಟ್ಟು ಏನ್ ತಿನ್ನೂಣು ಯವ್ವಾ, ನಿನ್ನ ಚಾಪೀನಾ?"

"ಚಾಪಿ ಮಾರೇ ನಿನಗ ಉಣಿಸೀನಿ. ಮೋಟರ್ ಬಂದ್ ಮಾಡು."

ಉಳಿದವರಂತೆ ಅವನೂ ಗೊಣಗುತ್ತಲೇ ಬಂದ್ ಮಾಡಿದ. ಹೊಲದಲ್ಲಿ ಮಳೆಗೆ ಬರುವ ತೊಗರಿಯಷ್ಟೇ ಉಳಿಯಿತು. ಉಳಿದ ತಿಂಗಳು ಹುಮನಾಬಾದಿಗೆ ಕೂಲಿಗೆ ಹೋದ. ಈಗಲೂ ಹೋಗುತ್ತಾನೆ.

ಬೇಸಿಗೆಯಲ್ಲಿ ಯಂತ್ರ ತಂದು ಜವುಗಿನ ಹೂಳು ತೆಗೆದರು. ಹೂಳು ಹೊಲಕ್ಕೆ ಒಳ್ಳೆಯದೆಂದು ನಮ್ಮಲ್ಲಿ ಯಾರೂ ಬಿಡುವುದಿಲ್ಲ. ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ತಳದ ಗಟ್ಟಿ ನೆಲ ಕಾಣುವವರೆಗೆ ಕೆರೆದು ಒಯ್ದು ಹೊಲಗಳಿಗೆ ಹರಡಿದರು. ಜವುಗು ಮನೆಯಂಗಳದಷ್ಟು ಸಾಫಾಯಿತು. ನೋಡಿದವರೆಲ್ಲ ಹೊಗಳಿದರು.

ಮೊದಲ ಮಳೆಗೆ ಹೊಲಗಳಲ್ಲಿ ತೊಗರಿಯ ನಡುವೆ ಹಸಿರು ಮೊಳಕೆ ಎದ್ದವು. ಜೇಕಿನ ಕಳೆ ಎಂದು ಎಲ್ಲರೂ ಕಿತ್ತರು. ಜೇಕು ಬಿಟ್ಟರೆ ಹೊಲ ಕೈಗೆ ಸಿಗುವುದಿಲ್ಲ, ಹಾಗಾಗಿ ಗಡ್ಡೆ ಸಮೇತ ಕಿತ್ತು ಬದುವಿನ ಮೇಲೆ ಒಣಹಾಕಿದರು. ತಮ್ಮ ಒಂದು ಹಿಡಿ ತಂದು ಅವ್ವನ ಮುಂದೆ ಹಿಡಿದ.

"ನೋಡವ್ವಾ, ನಿನ್ನ ಜವುಗಿನ ಮಣ್ಣಿನ ಪ್ರಸಾದ. ಬೆನ್ನು ಮುರೀತು."

ಅವ್ವ ಒಂದು ಎಳೆಯನ್ನು ಬೆರಳಲ್ಲಿ ಹೊಸೆದಳು. ಮೂಗಿನ ಹತ್ತಿರ ಒಯ್ದಳು.

"ಇದು ಜೇಕಲ್ಲೋ ತಮ್ಮಾ. ಆಪು. ಹೂಳಿನ ಕೂಡ ಗಡ್ಡಿ ಹೊಲಕ್ಕ ಬಂದಾವ."

ಅವನು ಬಾಗಿಲಲ್ಲೇ ಕುಳಿತುಬಿಟ್ಟ. ಅವ್ವ ಕೇಳಿದಳು, "ಎಲ್ಲಾ ಕಿತ್ತೀರೇನು?"

"ಎಲ್ಲಾರೂ ಕಿತ್ತೀವಿ."

ಬದುವಿನ ಮೇಲಿದ್ದದ್ದು ಆಗಲೇ ಒಣಗಿತ್ತು. ತಮ್ಮ ತಂದಿದ್ದ ಹಿಡಿಯನ್ನು ನಾನು ಒಯ್ದು ಜವುಗಿನಂಚಿಗೆ ನೆಟ್ಟೆ. ತಳದಲ್ಲಿ ಕೆಸರಿರಲಿಲ್ಲ, ಬೇರು ಹಿಡಿಯಲಿಲ್ಲ. ಮಳೆ ಜೋರಾದಾಗ ತೇಲಿಹೋಯಿತು. ಅವ್ವ ದಿನಾ ಕೇಳುತ್ತಿದ್ದಳು, "ಹತ್ತೇತೇನು?" ನಾನು "ಇನ್ನಾ ನೋಡಬೇಕು" ಅನ್ನುತ್ತಿದ್ದೆ. ಮಳೆಗಾಲ ಮುಗಿಯುವ ಮುನ್ನ ಅವಳು ಹೋದಳು.

ಈ ಬೇಸಿಗೆಯಲ್ಲಿ ಹಳ್ಳ ನಿಲ್ಲಲಿಲ್ಲ. ಬಸವಕಲ್ಯಾಣದಿಂದ ಜನ ಬಂದು ದಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ತಳದ ಕಲ್ಲು ಕಾಣುವಷ್ಟು ತಿಳಿ ನೀರು. ಕೂಲಿಯಿಂದ ಬಂದ ದಿನ ತಮ್ಮ ದಂಡೆಗುಂಟ ನಡೆದು ಆಪು ಹುಡುಕುತ್ತಾನೆ, ಬರಿಗೈಲೇ ಮನೆಗೆ ಬರುತ್ತಾನೆ.

ಚಾಪೆ ಮಗ್ಗದ ಮೇಲೆ ಅರ್ಧವೇ ಇದೆ. ನೀರು ಬಂದಿದೆ. ಆಪು ಬಂದಿಲ್ಲ.